ಗಾಜು, ನಡೆಯುವ ಬೆಳಕು, ಒಂದು ಬಿಳಿ ಗೋಡೆ: ನಮ್ಮೂರಲ್ಲೇ ಮಾಡುವ ಬಗೆ

ನಮ್ಮ ಹಳೆ ಮನೆಯ ಚಾವಡಿಯ ಮಾಡಿನಲ್ಲಿ ಒಂದು ಗಾಜಿನ ಹಂಚು ಉಂಟು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು ಕಡೆಯ ಹಂಚಿನ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಬೆಳಗ್ಗೆ ಅದರೊಳಗಿಂದ ಬಿದ್ದ ಬಿಸಿಲಿನ ತುಂಡು ಪಡುಗೋಡೆಯ ಮೇಲೆ ಇರುತ್ತಿತ್ತು. ಮೆಲ್ಲ ಮೆಲ್ಲ ಕೆಳಗಿಳಿದು, ನೆಲ ಹಿಡಿದು, ಮಧ್ಯಾಹ್ನಕ್ಕೆ ಕಂಬದ ಬುಡಕ್ಕೆ ಬರುತ್ತಿತ್ತು. "ಬಿಸಿಲು ಕಂಬಕ್ಕೆ ಬಂತು, ಬಟ್ಟಲು ಇಡಿ" ಅನ್ನುತ್ತಿದ್ದರು ಅಜ್ಜಿ. ಆ ಬಿಸಿಲಿನ ತುಂಡಿನ ಒಳಗೆ ಸಣ್ಣ ಸಣ್ಣ ಹೊಳೆಯುವ ಗೆರೆಗಳಿದ್ದವು. ಹಳೆ ಹಂಚಿನ ಗಾಜು ಪೂರ್ತಿ ಸಪಾಟು ಅಲ್ಲ. ಅದರ ಏರಿಳಿತವೇ ಬೆಳಕನ್ನು ಒಂದೆಡೆ ಒಟ್ಟು ಮಾಡಿ, ಇನ್ನೊಂದೆಡೆ ತೆಳು ಮಾಡಿ ನೆಲದ ಮೇಲೆ ಚಿತ್ರ ಬರೆಯುತ್ತಿತ್ತು.

ಅದನ್ನೇ ಬೇಕೆಂದೇ ಮಾಡಿದರೆ ಹೇಗೆ? ಈ ಲೇಖನ ಅದರ ಬಗ್ಗೆ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಗಾಜಿಗೆ ಇಳಿಸಿ, ಅದರ ಹಿಂದೆ ಒಂದು ದೀಪವನ್ನು ನಿಧಾನಕ್ಕೆ ನಡೆಸಿ, ಗೋಡೆಯ ಮೇಲೆ ಚಲಿಸುವ ಬೆಳಕನ್ನು ಕಾಣಿಸುವುದು.

ಈ ಬಗೆಯ ಕೆಲಸವನ್ನು ತುಂಬ ದೊಡ್ಡದಾಗಿ ಮಾಡಿದವರು ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಲ್ಲಿದ್ದ ವಿನ್ಯಾಸಕಿ ನೆರಿ ಆಕ್ಸ್‌ಮನ್ ಮತ್ತು ಅವರ ತಂಡ. 2015ರಲ್ಲಿ ಅವರು ಕರಗಿದ ಗಾಜನ್ನೇ ಎಳೆ ಎಳೆಯಾಗಿ ಸುರಿದು ಪಾತ್ರೆಯಂಥ ಆಕಾರ ಕಟ್ಟುವ ಯಂತ್ರವನ್ನು ತೋರಿಸಿದರು. ಗಾಜು ಇರುವ ಕುಲುಮೆಯ ಬಿಸಿ ಸುಮಾರು 1,040 ಡಿಗ್ರಿ ಸೆಲ್ಸಿಯಸ್. ಅಕ್ಕಿ ಹಿಟ್ಟಿನ ಚಕ್ಕುಲಿ ಒತ್ತುತ್ತೇವಲ್ಲ, ಒರಳಿನಿಂದ ಇಳಿದ ಎಳೆ ಸುತ್ತಿಕೊಂಡು ಕೂರುತ್ತದಲ್ಲ, ಅದನ್ನೇ ಸುತ್ತಿನ ಮೇಲೆ ಸುತ್ತಾಗಿ ಮೇಲಕ್ಕೆ ಏರಿಸಿದ ಹಾಗೆ. 2017ರ ಏಪ್ರಿಲಿನಲ್ಲಿ ಇಟಲಿಯ ಮಿಲಾನಿನ ಟ್ರಿಯೆನಾಲೆ ಎಂಬ ವಿನ್ಯಾಸ ಸಂಗ್ರಹಾಲಯದಲ್ಲಿ ಅದೇ ಬಗೆಯ ಗಾಜಿನಿಂದ ಕಟ್ಟಿದ 3 ಮೀಟರ್ ಎತ್ತರದ ಕಂಬಗಳನ್ನು ನಿಲ್ಲಿಸಿದರು. ಕಂಬದ ಒಳಗೆ ದೀಪ ಮೇಲೆ ಕೆಳಗೆ ಓಡಾಡುತ್ತಿತ್ತು. ಪ್ರತಿ ಎಳೆಯ ಉಬ್ಬು ಒಂದೊಂದು ಸಣ್ಣ ಮಸೂರವಾಗಿ, ಸುತ್ತಲೂ ಬೆಳಕಿನ ಬಲೆ ಹರಡುತ್ತಿತ್ತು.

ಆ ಯಂತ್ರ ನಮಗೆ ಸಿಗುವುದಿಲ್ಲ. ಆದರೆ ಕಾಸರಗೋಡಿನಲ್ಲಿ, ಕಾಞಂಗಾಡಿನಲ್ಲಿ, ಕುಂಬಳೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಬಾಗಿಲಿನ ಮೇಲೆ ಹೂ ಬಳ್ಳಿ ಕೆತ್ತುವ ಸಿಎನ್‌ಸಿ ಯಂತ್ರಗಳುಂಟು. ನನ್ನ ದಾರಿ ಅದರ ಮೂಲಕವೇ ಹೋಯಿತು. ನಮ್ಮ ಶಾಲೆಯ ಮಕ್ಕಳ ಜೊತೆ ಸೇರಿ ಮಾಡಿದ್ದು. ತಪ್ಪಿದ್ದೆಲ್ಲಿ ಅಂತಲೂ ಹೇಳುತ್ತೇನೆ. ನಿಮಗೆ ಅಷ್ಟು ಖರ್ಚು ಉಳಿಯಲಿ.

ಮೊದಲ ರಾತ್ರಿ: ಏನನ್ನೂ ಕೊಳ್ಳಬೇಡಿ

ಕತ್ತಲಾದ ಮೇಲೆ ಒಂದು ಕೋಣೆಯ ದೀಪ ಆರಿಸಿ. ಮೊಬೈಲಿನ ಟಾರ್ಚ್ ಹಚ್ಚಿ. ಮನೆಯಲ್ಲಿರುವ ಗಾಜನ್ನೆಲ್ಲ ಒಂದೊಂದಾಗಿ ಅದರ ಮುಂದೆ ಹಿಡಿಯಿರಿ: ನೀರಿನ ಲೋಟ, ಗೋಲಿ ಸೋಡಾ ಬಾಟಲಿ, ಲಾಟೀನಿನ ಗಾಜು, ಹಳೆ ಕಿಟಕಿಯ ಹೂವಿನ ಡಿಸೈನಿನ ಗಾಜು. ಗಾಜನ್ನು ನೋಡಬೇಡಿ, ಗೋಡೆಯನ್ನು ನೋಡಿ. ಇನ್ನು ಮುಂದೆ ಎಲ್ಲ ಹಂತದಲ್ಲೂ ಇದೇ ಅಭ್ಯಾಸ ಬೇಕು. ಎಷ್ಟು ಚೆಂದದ ಗಾಜು ಗೋಡೆಯ ಮೇಲೆ ಬರೀ ಮಬ್ಬು ಬೀಳಿಸುತ್ತದೆ, ಎಷ್ಟು ಸಾಧಾರಣ ಬಾಟಲಿಯ ಬುಡ ಎಂಥ ಉಂಗುರ ಬಿಡಿಸುತ್ತದೆ ಅಂತ ಆಗ ತಿಳಿಯುತ್ತದೆ.

ಈಗ ಟಾರ್ಚನ್ನು ಒಂದು ಬೆರಳಿನಷ್ಟು ಸರಿಸಿ. ಆಮೇಲೆ ಗಾಜನ್ನು ಸರಿಸಿ. ಎರಡಕ್ಕೂ ವ್ಯತ್ಯಾಸ ಉಂಟು. ಗಾಜು ಸರಿಸಿದರೆ ಚಿತ್ರ ಅದೇ ದಿಕ್ಕಿಗೆ ಹೋಗುತ್ತದೆ. ದೀಪ ಸರಿಸಿದರೆ ಎದುರು ದಿಕ್ಕಿಗೆ ಹೋಗುತ್ತದೆ. ಎರಡರಲ್ಲೂ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು, ಬಿಡಿಸಿಕೊಂಡು, ಆಕಾರವೇ ಬದಲಾಗುತ್ತದೆ. ಆದರೂ ದೀಪವೇ ನಡೆಯಬೇಕು, ಗಾಜು ನಿಲ್ಲಬೇಕು. ಭಾರದ ಗಾಜನ್ನು ತಿರುಗಿಸುವುದು ಅಪಾಯ.

ಆಕಾರ ಬರೆಯುವುದು

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಸುರಂಗ ಉಂಟು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ನೀರಿನ ಸುರಂಗ. ಅದರ ನೀರು ತೊಟ್ಟಿಗೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ಬಿದ್ದಲ್ಲಿಂದ ಬಳೆಗಳು ಎದ್ದು ಹರಡುತ್ತವೆ. ಬಿಸಿಲು ಬಂದಾಗ ಆ ಬಳೆಗಳ ಬೆಳಕು ಮೇಲಿನ ಸೋಗೆಯ ಅಡಿಯಲ್ಲಿ ಆಡುತ್ತಿರುತ್ತದೆ. ನಾವು ಅದನ್ನೇ ಆರಿಸಿಕೊಂಡೆವು: ಎರಡು ತೊಟ್ಟು, ಎರಡು ಕಡೆಯಿಂದ ಹರಡಿ ಒಂದನ್ನೊಂದು ದಾಟುವ ಬಳೆಗಳು.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ಸಾಕು. ಬಾಗಿಲು ಕೆತ್ತುವವರು ಬೂದು ಬಣ್ಣದ ಚಿತ್ರವನ್ನೇ ಎತ್ತರದ ನಕ್ಷೆಯಾಗಿ ತೆಗೆದುಕೊಳ್ಳುತ್ತಾರೆ. ಬಿಳಿ ಅಂದರೆ ಎತ್ತರ, ಕಪ್ಪು ಅಂದರೆ ತಗ್ಗು. ಬಿಳಿ ಕಪ್ಪು ಬಳೆಗಳನ್ನು ಬಿಡಿಸಿ, ಮೇಲೆ ಬ್ಲರ್ ಕೊಟ್ಟು ಅಂಚುಗಳನ್ನೆಲ್ಲ ಕರಗಿಸಿ. ಗಟ್ಟಿ ಅಂಚು ಒಂದೂ ಉಳಿಯಬಾರದು. ಅಳತೆ 30 ಸೆಂಟಿಮೀಟರ್ ಅಗಲ, 45 ಎತ್ತರ ಇಟ್ಟುಕೊಳ್ಳಿ. ಒಂದು ಬಳೆಯ ದಿಬ್ಬದಿಂದ ಮುಂದಿನ ದಿಬ್ಬಕ್ಕೆ 6 ಸೆಂಟಿಮೀಟರ್.

ಎಷ್ಟು ಆಳ? ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದೆ. ಬಾಗಿಲಿನ ಕೆತ್ತನೆಯ ಹಾಗೆ ಕಾಣಲಿ ಅಂತ ಮೊದಲ ಸಲ 8 ಮಿಲಿಮೀಟರ್ ಆಳ ಕೊಟ್ಟೆ. ಅದರಿಂದ ಬಂದ ಗಾಜು ಕೈಯಲ್ಲಿ ಹಿಡಿದರೆ ಅಪ್ಪಟ ಒಡವೆ. ಗೋಡೆಯ ಮೇಲೆ ಏನೂ ಇಲ್ಲ, ಸುಮ್ನೆ ಒಂದು ಬಿಳಿಚು ಬೆಳಕು. ಕಾರಣ ಸರಳ. ಜಾಸ್ತಿ ಬಾಗಿದ ಗಾಜು ಬೆಳಕನ್ನು ಹತ್ತಿರದಲ್ಲೇ ಕೂಡಿಸಿ, ಗೋಡೆ ಮುಟ್ಟುವಷ್ಟರಲ್ಲಿ ಚೆಲ್ಲಾಪಿಲ್ಲಿ ಮಾಡಿಬಿಡುತ್ತದೆ. ದೀಪ ಗಾಜಿನಿಂದ ಅರ್ಧ ಮೀಟರ್, ಗೋಡೆ ಒಂದೂವರೆ ಮೀಟರ್ ದೂರ ಇದ್ದರೆ, 6 ಸೆಂಟಿಮೀಟರ್ ಅಂತರದ ಅಲೆಗೆ ತಗ್ಗಿನಿಂದ ದಿಬ್ಬಕ್ಕೆ ಬೇಕಾದ ಎತ್ತರ ಹೆಚ್ಚು ಕಡಿಮೆ 1 ಮಿಲಿಮೀಟರ್. ಒಂದೇ ಒಂದು. ಕಣ್ಣಿಗೆ ಅಲೆ ಕಾಣುವುದೇ ಇಲ್ಲ, ಬೆರಳು ಸವರಿದರೆ ಮಾತ್ರ ತಿಳಿಯುತ್ತದೆ. ನಂಬಿಕೆ ಬರುವುದು ಕಷ್ಟ ಅಲ್ವಾ? ನಮ್ಮ ಹಳೆ ಗಾಜಿನ ಹಂಚನ್ನು ನೆನಪಿಸಿಕೊಳ್ಳಿ.

ಕೆತ್ತಿಸುವುದು

ಮರ ಬೇಡ, ಮರವನ್ನು ಅರೆದು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸಾಕು. ಮರದ ನಾರು ಗಾಜಿನವರೆಗೂ ಗೆರೆಯಾಗಿ ಬರುತ್ತದೆ. ಅಂಗಡಿಯವರಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ. ಒಟ್ಟು ಆಳ 1 ಮಿಲಿಮೀಟರ್. ಕೆತ್ತುವ ಮೊನೆ (ಬಿಟ್) ಗುಂಡು ತುದಿಯದು, 6 ಮಿಲಿಮೀಟರಿನದು. ಒಂದು ಸಾಲಿನಿಂದ ಮುಂದಿನ ಸಾಲಿಗೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಹಾರಬಾರದು. ನಾನು ಹೋದಾಗ ಯಂತ್ರದ ಹತ್ತಿರ ನಿಂತಿದ್ದವರು ಪರದೆಯನ್ನು ನೋಡಿ, "ಮಾಷೇ, ಇದರಲ್ಲಿ ಎಂತದೂ ಕಾಣ್ಲಿಕ್ಕಿಲ್ಲ, ಫೈಲ್ ತಪ್ಪಿರ್ಬೇಕು" ಅಂದರು. ತಪ್ಪಿಲ್ಲ, ಹೀಗೇ ಬೇಕು ಅಂತ ಎರಡು ಸಲ ಹೇಳಬೇಕಾಯಿತು. ಊರಿನ ಬಡಗಿಗಳ ಜೊತೆ ಮಾತಾಡುವಾಗ ಅಳತೆಯ ಲೆಕ್ಕವನ್ನೂ ಖಚಿತ ಮಾಡಿಕೊಳ್ಳಿ. ಅವರು 'ನೂಲು' ಲೆಕ್ಕ ಹಿಡಿಯುತ್ತಾರೆ, 8 ನೂಲಿಗೆ 1 ಇಂಚು. ಒಂದು ಅಂತ ಮಾತ್ರ ಹೇಳಿದರೆ ಒಂದು ನೂಲು ಆದೀತು, ಅಂದರೆ 3 ಮಿಲಿಮೀಟರಿಗೂ ಜಾಸ್ತಿ.

ಕೆತ್ತಿದ ಹಲಗೆಯ ಮೇಲೆ ಮೊನೆ ಓಡಿದ ಗೆರೆಗಳು ಉಳಿದಿರುತ್ತವೆ. ಹಲಗೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕಾಣುತ್ತವೆ. ಅವು ಎಷ್ಟೇ ಸಣ್ಣದಿರಲಿ, ಗಾಜಿಗೆ ಹೋದರೆ ಬೆಳಕನ್ನು ಹಾಳು ಮಾಡುತ್ತವೆ. 220ರ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಆಮೇಲೆ 400ರದ್ದು. ಮರದ ತುಂಡಿಗೆ ಸುತ್ತಿ ಉಜ್ಜಬೇಡಿ, ಅಲೆ ಸವೆದು ಹೋಗುತ್ತದೆ. ಸ್ಪಂಜಿಗೆ ಸುತ್ತಿ. ಮೇಲೆ ಎರಡು ಕೋಟ್ ಲ್ಯಾಕರ್ ಹಚ್ಚಿ, ಮತ್ತೆ ಮೆಲ್ಲ ಉಜ್ಜಿ. ಇದಕ್ಕೆ ಎರಡು ದಿನ ಹೋದರೂ ಹೋಗಲಿ. ಇಲ್ಲಿ ಅವಸರ ಮಾಡಿದರೆ ಮುಂದೆ ಎಲ್ಲೂ ಸರಿ ಮಾಡಲು ಆಗುವುದಿಲ್ಲ.

ಗಾಜು

ಎರಡು ದಾರಿ ಉಂಟು. ಮೊದಲನೇ ಸಲಕ್ಕೆ ಅಗ್ಗದ ದಾರಿಯಲ್ಲೇ ಹೋಗಿ ಅಂತ ನನ್ನ ಸಲಹೆ.

ಅಗ್ಗದ್ದು ಇದು. ಹಲಗೆಯ ಮೇಲೆ ಸಿಲಿಕಾನ್ ರಬ್ಬರ್ ಸುರಿದು ಅಚ್ಚು ತೆಗೆಯಿರಿ. ಆ ಅಚ್ಚಿನೊಳಗೆ ಎರಡು ಭಾಗ ಬೆರೆಸುವ ಪಾರದರ್ಶಕ ಎಪಾಕ್ಸಿ ರೆಸಿನ್ ತೆಳುವಾಗಿ ಹಾಕಿ, ಮೇಲೆ 5 ಮಿಲಿಮೀಟರ್ ಸಾದಾ ಗಾಜನ್ನು ಒಂದು ಬದಿಯಿಂದ ನಿಧಾನಕ್ಕೆ ಇಳಿಸಿ. ಗುಳ್ಳೆ ಹೊರಗೆ ಓಡಲಿ. ಗಟ್ಟಿಯಾದ ಮೇಲೆ ಅಲೆಯ ಚರ್ಮ ಹೊತ್ತ ಗಾಜು ಕೈಗೆ ಬರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ. ಮಳೆಗಾಲದ ತೇವಕ್ಕೆ ಎಪಾಕ್ಸಿಯ ಮೇಲೆ ಮಬ್ಬು ಕಟ್ಟುತ್ತದೆ. ಮುಖಕ್ಕೆ ಸರಿಯಾದ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ರೆಸಿನ್ ಮುಟ್ಟಬೇಡಿ. ಮಕ್ಕಳ ಕೈಗೆ ಕೊಡಲೇಬೇಡಿ.

ಅಪ್ಪಟ ಗಾಜೇ ಬೇಕೆಂದರೆ ಕುಲುಮೆ ಬೇಕು. ಹಲಗೆಯಿಂದ ಅಚ್ಚು ತೆಗೆಯುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿಯನ್ನು ತೂಕದಲ್ಲಿ ಸಮಸಮ ಬೆರೆಸಿ. ಆ ಅಚ್ಚಿನ ಮೇಲೆ 10 ಮಿಲಿಮೀಟರ್ ಫ್ಲೋಟ್ ಗಾಜು, ಅಂದರೆ ಸಾದಾ ಕಿಟಕಿಯ ಗಾಜು, ಇಟ್ಟು ಸುಮಾರು 800 ಡಿಗ್ರಿಗೆ ಕಾಯಿಸಿದರೆ ಅಡಿಭಾಗ ಅಚ್ಚಿನ ಅಲೆ ಹಿಡಿಯುತ್ತದೆ, ಮೇಲ್ಭಾಗ ಸಪಾಟಾಗಿಯೇ ಉಳಿಯುತ್ತದೆ. ನಮಗೆ ಬೇಕಾದದ್ದು ಈ ದಪ್ಪದ ವ್ಯತ್ಯಾಸ. ಕಡಿಮೆ ಬಿಸಿಯಲ್ಲಿ ಗಾಜು ಹಾಳೆಯ ಹಾಗೆ ಸುಮ್ಮನೆ ಬಾಗಿದರೆ ಎರಡೂ ಮುಖ ಒಂದೇ ಥರ ಬಾಗುತ್ತವೆ, ಆಗ ಬೆಳಕು ಹೆಚ್ಚೇನೂ ತಿರುಗುವುದಿಲ್ಲ. ಗಾಜು ಬಾಗಿಸುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಕಾಯಿಸಿದ ಮೇಲೆ 550 ಡಿಗ್ರಿಯ ಆಸುಪಾಸಿನಲ್ಲಿ ಸಾಕಷ್ಟು ಹೊತ್ತು ನಿಲ್ಲಿಸಿ, ರಾತ್ರಿಯಿಡೀ ತಣಿಯಲು ಬಿಡಬೇಕು. ಅವಸರಕ್ಕೆ ಕುಲುಮೆಯ ಬಾಗಿಲು ತೆರೆದರೆ ಗಾಜಿನೊಳಗೆ ಬಿಗಿ ಉಳಿದು, ಒಂದು ವಾರ ಬಿಟ್ಟಾದರೂ ಒಡೆಯುತ್ತದೆ. ಸಿಲಿಕಾ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಬೆರೆಸುವವರು ಒಳ್ಳೆ ಮಾಸ್ಕ್ ಕಟ್ಟಲೇಬೇಕು.

ನಮ್ಮ ಒಂದು ಅಚ್ಚು ಹಾಳಾದದ್ದು ಜುಲೈ ತಿಂಗಳಲ್ಲಿ. ಮೇಲ್ನೋಟಕ್ಕೆ ಒಣಗಿತ್ತು. ಒಳಗೆ ನೀರಿತ್ತು. ಕುಲುಮೆಯಲ್ಲಿ ಆವಿ ಎದ್ದು ಅಚ್ಚು ಬಿರಿಯಿತು, ಗಾಜಿನ ಅಡಿಗೆಲ್ಲ ಗುಳ್ಳೆ. ಅಡಿಕೆ ಒಣಗಿಸುವ ಅಂಗಳದಲ್ಲಿ ನಾಲ್ಕು ಬಿಸಿಲು ಕಾಣದ ಅಚ್ಚನ್ನು ಕುಲುಮೆಗೆ ಕಳಿಸಬೇಡಿ. ತೂಕ ಮಾಡಿ ನೋಡುವುದು ಒಳ್ಳೆಯ ಉಪಾಯ. ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿತು ಅಂತ.

ಕುಲುಮೆಯಿಂದ ಬಂದ ಗಾಜನ್ನು ಕಂಡು ಎದೆ ಒಡೆದುಕೊಳ್ಳಬೇಡಿ. ಅಚ್ಚಿಗೆ ತಾಗಿದ ಮುಖ ಮಂಜು ಹಿಡಿದ ಹಾಗೆ ಬೆಳ್ಳಗಿರುತ್ತದೆ. ಗೋಡೆಯ ಮೇಲೆ ಏನೂ ಬೀಳುವುದಿಲ್ಲ. ನಾನು ಆ ದಿನ ತುಂಬ ಬೇಜಾರಲ್ಲಿ ಕೂತಿದ್ದೆ. ಒಬ್ಬ ಹುಡುಗಿ ಅಡುಗೆ ಕೋಣೆಯಿಂದ ತೆಂಗಿನೆಣ್ಣೆ ತಂದು ಮೂಲೆಗೆ ಒಂದು ಬೆರಳು ಸವರಿದಳು. ಸವರಿದಲ್ಲಿ ಗಾಜು ತಿಳಿಯಾಯಿತು. ಟಾರ್ಚ್ ಹಿಡಿದೆವು. ಗೋಡೆಯ ಮೇಲೆ ಅಂಗೈಯಷ್ಟು ಜಾಗದಲ್ಲಿ ಎರಡು ಹೊಳೆಯುವ ಗೆರೆ ಒಂದನ್ನೊಂದು ದಾಟುತ್ತಿದ್ದವು. ಮಂಜು ಅಂದರೆ ಸಣ್ಣ ಸಣ್ಣ ಗೀರುಗಳು. ಎಣ್ಣೆ ಅವನ್ನು ತುಂಬುತ್ತದೆ, ಬೆಳಕಿಗೆ ಎಣ್ಣೆಯೂ ಗಾಜೂ ಹೆಚ್ಚು ಕಡಿಮೆ ಒಂದೇ. ಎಣ್ಣೆ ಪರೀಕ್ಷೆಗೆ ಮಾತ್ರ. ಶಾಶ್ವತಕ್ಕೆ ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಹೋಗಿ, ಗಾಜಿನಲ್ಲಿ ಎಣ್ಣೆಯ ಪಸೆ ಪೂರ್ತಿ ತೊಳೆದು, ಎರಡು ತೆಳು ಕೋಟ್ ಬಣ್ಣವಿಲ್ಲದ ಕ್ಲಿಯರ್ ಹೊಡೆಸಿ.

30ಕ್ಕೆ 45 ಸೆಂಟಿಮೀಟರಿನ 10 ಮಿಲಿಮೀಟರ್ ಗಾಜು ಸುಮಾರು 3.4 ಕಿಲೊ ತೂಗುತ್ತದೆ. ಅಂಚು ಪಾಲಿಶ್ ಮಾಡಿಸಿ. ಸಪಾಟು ಮುಖಕ್ಕೆ ಸೇಫ್ಟಿ ಫಿಲ್ಮ್ ಅಂಟಿಸಿದರೆ ಒಡೆದರೂ ಚೂರು ಚೆಲ್ಲುವುದಿಲ್ಲ, ಬೆಳಕಿಗೂ ತೊಂದರೆ ಇಲ್ಲ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ತಂದು ಅದನ್ನು ಕತ್ತರಿಸುವ, ಕೊರೆಯುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಪೂರ್ತಿ ಪುಡಿಯಾಗುತ್ತದೆ. ನಿಲ್ಲಿಸಲು ದಪ್ಪ ಮರದ ಪೀಠದಲ್ಲಿ 12 ಮಿಲಿಮೀಟರ್ ಅಗಲದ ಸೀಳು ತೆಗೆಸಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಹಾಸಿ.

ದೀಪ

ಟ್ಯೂಬ್‌ಲೈಟ್, ಎಲ್ಇಡಿ ಪಟ್ಟಿ, ಬಲ್ಬು, ಯಾವುದೂ ಆಗದು. ಬೆಳಕು ಹುಟ್ಟುವ ಜಾಗ ಸಾಸಿವೆ ಕಾಳಿನಷ್ಟಿರಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಕ್ಷತ್ರದ ಆಕಾರದ ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಕೂತ ಒಂಟಿ ಪವರ್ ಎಲ್ಇಡಿ ಸಿಗುತ್ತದೆ. 3 ವ್ಯಾಟಿನದು ತಂದು 1 ವ್ಯಾಟಿನಷ್ಟೇ ಉರಿಸಿ. ಮೇಲೆ ಪ್ಲಾಸ್ಟಿಕ್ ಲೆನ್ಸ್ ಇದ್ದರೆ ಕಿತ್ತುಬಿಡಿ.

ದೂರದ ಲೆಕ್ಕ ಒಂದು ಸಲ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಗಾಜಿನಿಂದ ಗೋಡೆಯ ದೂರವನ್ನು ದೀಪದಿಂದ ಗಾಜಿನ ದೂರದಿಂದ ಭಾಗಿಸಿ. ನಮ್ಮದು 150 ಭಾಗಿಸು 50, ಅಂದರೆ 3. ದೀಪ 1 ಸೆಂಟಿಮೀಟರ್ ಸರಿದರೆ ಗೋಡೆಯ ಚಿತ್ರ 3 ಸೆಂಟಿಮೀಟರ್ ಎದುರು ದಿಕ್ಕಿಗೆ ಸರಿಯುತ್ತದೆ. ಎಲ್ಇಡಿಯ ಅಗಲ ಒಂದೂವರೆ ಮಿಲಿಮೀಟರ್ ಇದ್ದರೆ ಗೆರೆಯ ಅಂಚು ನಾಲ್ಕೂವರೆ ಮಿಲಿಮೀಟರಿನಷ್ಟು ಮಸುಕು. ಇನ್ನು ಗಾಜಿನ ನೆರಳು 4 ಪಟ್ಟು, ಅಂದರೆ 45 ಸೆಂಟಿಮೀಟರಿನ ಗಾಜು ಗೋಡೆಯ ಮೇಲೆ 180. ಚಿತ್ರ ಇನ್ನೂ ದೊಡ್ಡದಾಗಲಿ ಅಂತ ದೀಪವನ್ನು ಗಾಜಿನ ಹತ್ತಿರ ತಂದರೆ ಮಸುಕೂ ಜಾಸ್ತಿ ಆಗುತ್ತದೆ. ಈ ಎರಡರ ನಡುವಿನ ಜಾಗ ನಿಮ್ಮ ಕೋಣೆಯಲ್ಲಿ ಎಲ್ಲಿ ಅಂತ ನೀವೇ ಹುಡುಕಬೇಕು.

ನಡಿಗೆ

ಇಡೀ ಕೆಲಸದ ಜೀವ ಇಲ್ಲಿರುವುದು. ನಮ್ಮ ಮೊದಲ ಪ್ರಯತ್ನದಲ್ಲಿ ಹಳೆ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ಹಾಕಿದ್ದೆವು. ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಸುತ್ತು. ಜಾತ್ರೆಯ ಲೈಟಿನ ಹಾಗಾಯಿತು. ನೋಡಿದವರು "ಒಳ್ಳೇದುಂಟು" ಅಂತ ಹೇಳಿ ಅರ್ಧ ನಿಮಿಷದಲ್ಲಿ ಹೊರಗೆ ಹೋದರು. ಅದು 230 ವೋಲ್ಟಿನ ಮೋಟಾರು ಕೂಡ, ಮಕ್ಕಳ ಕೈಗೆ ಬೇಡವೇ ಬೇಡ.

ಅಜ್ಜಿಯ ಚಾವಡಿಯ ಬಿಸಿಲನ್ನು ಲೆಕ್ಕ ಹಾಕಿದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಹಂಚು 4 ಮೀಟರ್ ಎತ್ತರದಲ್ಲಿದ್ದರೆ ಮಧ್ಯಾಹ್ನದ ಹೊತ್ತು ನೆಲದ ಬಿಸಿಲು ನಿಮಿಷಕ್ಕೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ನಡೆಯುತ್ತದೆ. ನೋಡುತ್ತಿದ್ದರೆ ನಡೆಯುವುದು ಕಾಣುವುದಿಲ್ಲ, ಕಣ್ಣು ತೆಗೆದು ಮತ್ತೆ ನೋಡಿದರೆ ಬೇರೆಡೆ ಇರುತ್ತದೆ. ಪ್ರದರ್ಶನಕ್ಕೆ ಅಷ್ಟು ನಿಧಾನ ಆಗದು. ಆದರೆ ಮನಸ್ಸು ಆ ಕಡೆಗೇ ಇರಲಿ. ಹಲವು ವೇಗ ನೋಡಿ ಕೊನೆಗೆ ನಾವು ನಿಂತದ್ದು 5 ನಿಮಿಷಕ್ಕೆ ಒಂದು ಸುತ್ತಿನಲ್ಲಿ. ದೀಪ 10 ಸೆಂಟಿಮೀಟರ್ ತೋಳಿನ ತುದಿಯಲ್ಲಿ ತಿರುಗಿದರೆ ಗೋಡೆಯ ಮೇಲೆ ಬೆಳಕು ಸೆಕೆಂಡಿಗೆ 6 ಮಿಲಿಮೀಟರಿನಷ್ಟು ಹೋಗುತ್ತದೆ. ಈ ವೇಗದಲ್ಲಿ ಜನ ಕೂತುಕೊಂಡರು. ಯಾರೂ ಹೇಳದೆಯೇ.

ಮೋಟಾರು 28ಬಿವೈಜೆ-48 ಅನ್ನುವ ಸಣ್ಣ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು), ಜೊತೆಗೆ ಅದಕ್ಕೆ ಕರೆಂಟ್ ಹಂಚುವ ಯುಎಲ್‌ಎನ್2003 ಡ್ರೈವರ್. ಎರಡೂ ಒಟ್ಟಿಗೆ ಅಗ್ಗಕ್ಕೇ ಸಿಗುತ್ತವೆ. ನಡೆಸುವುದು ಆರ್ಡುಯಿನೊ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು. ಕೇರಳದ ಶಾಲೆಗಳ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳಿಗೆ ಇದು ಪರಿಚಯ, ನನಗಿಂತ ಚೆನ್ನಾಗಿ ಅವರೇ ಬರೆಯುತ್ತಾರೆ. ಅರ್ಧ ಹೆಜ್ಜೆಯ ಕ್ರಮದಲ್ಲಿ ಒಂದು ಸುತ್ತಿಗೆ 4,096 ಹೆಜ್ಜೆ. 5 ನಿಮಿಷಕ್ಕೆ ಹಂಚಿದರೆ ಒಂದು ಹೆಜ್ಜೆಗೆ 73 ಮಿಲಿಸೆಕೆಂಡ್. ಒಂದು ಹೆಜ್ಜೆಗೆ ಗೋಡೆಯ ಬೆಳಕು ಅರ್ಧ ಮಿಲಿಮೀಟರೂ ಸರಿಯುವುದಿಲ್ಲ, ಹಾಗಾಗಿ ಕುಪ್ಪಳಿಸಿದಂತೆ ಕಾಣದು. ಆಕ್ಸೆಲ್‌ಸ್ಟೆಪ್ಪರ್ ಎಂಬ ಸಿದ್ಧ ಕೋಡ್ ಲೈಬ್ರರಿ ಬಳಸುವುದಾದರೆ ಪಿನ್ನುಗಳನ್ನು 1, 3, 2, 4 ಕ್ರಮದಲ್ಲಿ ಕೊಡಿ. ಇಲ್ಲದಿದ್ದರೆ ಮೋಟಾರು ನಿಂತಲ್ಲೇ ನಡುಗುತ್ತದೆ. ಮೋಟಾರಿಗೆ ಕರೆಂಟ್ ಆರ್ಡುಯಿನೊದಿಂದ ಎಳೆಯಬೇಡಿ. ಬೇರೆ 5 ವೋಲ್ಟಿನ ಚಾರ್ಜರ್ ಕೊಡಿ, ಎರಡರ ಗ್ರೌಂಡ್ ಮಾತ್ರ ಒಂದು ಮಾಡಿ.

ತಿರುಗುವ ತೋಳಿಗೆ ವಯರು ಸುತ್ತಿಕೊಳ್ಳುತ್ತದಲ್ಲ? ಅದಕ್ಕೆ ಬ್ಯಾಟರಿಯನ್ನೇ ತೋಳಿನ ಮೇಲೆ ಕೂರಿಸಿ. ಒಂದು ಕಡೆ ದೀಪ, ಇನ್ನೊಂದು ಕಡೆ 18650 ಅನ್ನುವ, ಚಾರ್ಜ್ ಮಾಡುವ ಲಿಥಿಯಂ ಸೆಲ್. ಸೆಲ್ಲನ್ನು ಒಳಗೆ ಹೊರಗೆ ಸರಿಸಿ ತಕ್ಕಡಿಯ ಹಾಗೆ ಸಮ ಮಾಡಿ. ತೋಳನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ನಡುವೆ ಕರೆಂಟನ್ನು 350 ಮಿಲಿಆಂಪಿಗೆ ಹಿಡಿದಿಡುವ ಎಎಂಸಿ7135 ಚಿಪ್ ಹಾಕಿದರೆ 2,600 ಮಿಲಿಆಂಪ್ ಅವರಿನ ಸೆಲ್ ಏಳು ಗಂಟೆ ಬರುತ್ತದೆ, ಬೆಳಕೂ ಹೆಚ್ಚು ಹೊತ್ತು ಒಂದೇ ಸಮ ಇರುತ್ತದೆ. ಸೆಲ್ ರಕ್ಷಣೆಯ ಸರ್ಕ್ಯೂಟ್ ಇರುವಂಥದ್ದೇ ಆಗಲಿ. ಮೋಟಾರಿನ ಗುರುಗುರು ಸದ್ದು ಹಲಗೆಗೆ ಹತ್ತಿ ದೊಡ್ಡದಾಗುತ್ತದೆ. ಅಡಿಗೆ ಹಳೆ ಹವಾಯಿ ಚಪ್ಪಲಿಯ ತುಂಡು ಇಡಿ, ಅರ್ಧ ಸದ್ದು ಅಲ್ಲೇ ಮುಗಿಯುತ್ತದೆ.

ಕೋಣೆ

ಕತ್ತಲೆ ಪೂರ್ತಿ ಬೇಕು. ಬಾಗಿಲ ಸಂದಿಗೆ ಬಟ್ಟೆ ತುರುಕಿ. ಹಳೆ ಸುಣ್ಣದ ಗೋಡೆಯ ಒರಟು ಮೈ ಸಣ್ಣ ಗೆರೆಗಳನ್ನು ನುಂಗುತ್ತದೆ. ಆಗ ಒಂದು ಬಿಳಿ ಮುಂಡನ್ನು (ಪಂಚೆಯನ್ನು) ನೀರಿನಲ್ಲಿ ಅದ್ದಿ ಹಿಂಡಿ, ಚೌಕಟ್ಟಿಗೆ ಎಳೆದು ಕಟ್ಟಿ. ಒಣಗಿದಾಗ ಬಿಗಿಯಾಗುತ್ತದೆ. ತೆಳು ಮುಂಡಾದರೆ ಜನರನ್ನು ಆಚೆ ಬದಿಯಲ್ಲಿ ಕೂರಿಸಬಹುದು, ತೊಗಲು ಬೊಂಬೆಯಾಟದ ಹಾಗೆ. ಗಾಜು, ಮೋಟಾರು ಏನೂ ಅವರಿಗೆ ಕಾಣುವುದಿಲ್ಲ. ನಾನು ಮಾತ್ರ ಕಾಣುವ ಹಾಗೇ ಇಡುತ್ತೇನೆ. ಗೋಡೆಯ ಬಳೆಗಳನ್ನು ತುಂಬ ಹೊತ್ತು ನೋಡಿ, ಆಮೇಲೆ ತಿರುಗಿ ಏನೂ ಇಲ್ಲದಂತೆ ಕಾಣುವ ಗಾಜನ್ನು ಕಂಡವರ ಮುಖ ನೋಡಬೇಕು. ನೆರೆಮನೆಯ ಅಕ್ಕ ಒಬ್ಬರು ಹತ್ತಿರ ಬಂದು, "ಮಾಷ್ಟ್ರೇ, ಚಿತ್ರ ಎಲ್ಲಿಂಟು ಇದರಲ್ಲಿ?" ಅಂತ ಕೇಳಿದರು. ಗಾಜಿನ ಒಂದು ಮೂಲೆಯನ್ನು ಸವರಲು ಕೊಟ್ಟೆ. ಬೆರಳು ದಿಬ್ಬ ಹತ್ತಿ ಇಳಿದಾಗ ನಕ್ಕರು.

ಜನ ಕೂರಲು ಗಾಜಿನಿಂದ ಒಂದೂವರೆ ಮೀಟರ್ ದೂರದಲ್ಲಿ ಚಾಪೆ ಹಾಸಿ. ನಡುವೆ ಒಂದು ಹಗ್ಗ ಕಟ್ಟಿ. ಒಳಗೆ ಬಂದವರ ಕಣ್ಣು ಕತ್ತಲೆಗೆ ಹೊಂದಲು ಕೆಲವು ನಿಮಿಷ ಬೇಕು, ಆ ಹೊತ್ತು ಏನೂ ವಿವರಿಸಬೇಡಿ. ಮೊಬೈಲ್ ಪರದೆ ಹಚ್ಚಬಾರದು ಅಂತ ಬಾಗಿಲಲ್ಲೇ ಹೇಳಿ.

ಗಾಜು ಒರೆಸಲು ಹಳೆ ಹತ್ತಿ ಬಟ್ಟೆ, ಬರೀ ನೀರು. ಮಳೆಗಾಲಕ್ಕೆ ಎತ್ತಿಡುವಾಗ ಎರಡು ಗಾಜಿನ ನಡುವೆ ಒಣ ಕಾಗದ ಇರಲಿ. ತೇವ ಸಿಕ್ಕಿಕೊಂಡರೆ ತೊಳೆದರೂ ಹೋಗದ ಕಲೆ ಬೀಳುತ್ತದೆ. ಇನ್ನೊಂದನ್ನು ಮರೆಯಬೇಡಿ. ಹಗಲು ಹೊತ್ತಲ್ಲಿ ಗಾಜಿನ ಮೇಲೆ ದಪ್ಪ ಬಟ್ಟೆ ಮುಚ್ಚಿಡಿ. ಬಿಸಿಲಿಗೆ ಇದು ಮಸೂರವೇ. ನಮ್ಮ ಗಾಜು ಒಂದೂಕಾಲು ಅಡಿಯಷ್ಟು ದೂರದಲ್ಲಿ ಬಿಸಿಲನ್ನು ಕೂಡಿಸುತ್ತದೆ, ಮತ್ತು ಚಾವಡಿಯ ಮೂಲೆಯಲ್ಲಿ ಬೈಹುಲ್ಲಿನ ಕಟ್ಟು ಇರುವ ಮನೆ ನಮ್ಮದು.